ಅಪ್ಪನ ವಾಚಿನಲ್ಲಿ 54

ಮೊನ್ನೆ ಬುಲೆಟಿನ್ ಮುಗಿಸಿ ಮೊಬೈಲ್ ನೋಡಿದ್ರೆ ಅಪ್ಪನ ನಾಲ್ಕು ಮಿಸ್ಡ್ ಕಾಲ್. "ನೀನು ಕೊಡಿಸಿದ ವಾಚು 54 ತೋರಿಸ್ತಿದೆ ಕಣೋ. ಎದೆಬಡಿತಾನೇ ಕಮ್ಮಿಯಾಗಿದೆ. ಅದಕ್ಕೇ ನಿನ್ನೆಯಿಂದ ಆ ಮಾತ್ರೆ ಬಿಟ್ಟಿದ್ದೀನಿ" ಅಂದ್ರು. ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ. ಬಿಟ್ಟಿದ್ದು ಮೆಟೊಪ್ರೊಲಾಲ್, ಬಡಿತ ನಿಧಾನ ಮಾಡೋಕೇ ಕೊಟ್ಟಿದ್ದ ಬೀಟಾ ಬ್ಲಾಕರ್! ಈಗ ನನ್ನ ಎದೆ ಹೊಡ್ಕೊಳ್ಳೋಕೆ ಶುರುವಾಯ್ತು.

ನಿಧಾನ ಯಾಕೆ ಮಾಡಬೇಕು? ನಾನು ಇಂಜಿನಿಯರಿಂಗ್ ಓದಿದವನು, ನನಗೆ ಹೃದಯ ಅಂದ್ರೆ ಮೊದಲು ಪಂಪ್. ನಿಮಿಷಕ್ಕೆ 70 ಅಂತ ಹಿಡಿದರೂ ದಿನಕ್ಕೆ 1,00,800 ಬಡಿತ. ಈ ಪಂಪ್ ಊರಿಗೆಲ್ಲ ರಕ್ತ ಹಂಚುತ್ತೆ, ತನ್ನ ಪಾಲನ್ನು ಮಾತ್ರ ಹೆಚ್ಚಾಗಿ ಸಡಿಲಗೊಂಡಾಗ ತಗೊಳ್ಳುತ್ತೆ. ಹಿಂಡುವಾಗ ಅದರದೇ ರಕ್ತನಾಳಗಳೂ ಅದುಮಿಕೊಂಡಿರುತ್ತವಲ್ಲ, ಅದಕ್ಕೆ. ಬಡಿತ ಜೋರಾದರೆ ಮೊದಲು ಕತ್ತರಿ ಬೀಳೋದೇ ಈ ಬಿಡುವಿಗೆ. ಜೊತೆಗೆ ಪ್ರತಿ ಬಡಿತಕ್ಕೂ ಆ ನಾಳಗಳು ಬಾಗುತ್ತವೆ. ತಿರುವುಗಳಲ್ಲಿ ರಕ್ತದ ಹರಿವು ಹೊಯ್ದಾಡುತ್ತೆ. ಕೊಬ್ಬು ಕೂರೋದು ಹೆಚ್ಚಾಗಿ ಅಂಥ ಜಾಗದಲ್ಲೇ.

1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟವಾಯ್ತು. ಕೋತಿಗಳಿಗೆ ಆರು ತಿಂಗಳು ನಾಳ ಕಟ್ಟಿಕೊಳ್ಳುವಂಥ ಕೊಬ್ಬಿನ ಆಹಾರ ಕೊಟ್ಟರು. ಕೆಲವಕ್ಕೆ ಆಪರೇಷನ್ ಮಾಡಿ ಬಡಿತ ಇಳಿಸಿದ್ದರು, ಕೆಲವಕ್ಕೆ ಹುಟ್ಟಿನಿಂದಲೇ ನಿಧಾನ. ಇವುಗಳ ಹೃದಯದ ನಾಳಗಳಲ್ಲಿ ಕಟ್ಟಿದ ಕೊಬ್ಬು, ಜೋರು ಬಡಿತದ ಕೋತಿಗಳಿಗೆ ಹೋಲಿಸಿದರೆ ಅರ್ಧಕ್ಕಿಂತ ಕಮ್ಮಿ!

ಹಾಗಾದ್ರೆ ಎಲ್ಲರಿಗೂ ಬಡಿತ ಇಳಿಸೋ ಮಾತ್ರೆ ಕೊಟ್ಟುಬಿಡಬಹುದಲ್ವಾ? ಕೊಟ್ಟೂ ನೋಡಿದರು ಸ್ವಾಮಿ. ಐವಾಬ್ರಾಡಿನ್ ಅಂತ ಒಂದು ಔಷಧಿ, ಅದರ ಮುಖ್ಯ ಕೆಲಸವೇ ಬಡಿತ ಇಳಿಸೋದು. ಹಾರ್ಟ್ ಫೇಲ್ಯೂರ್ ಇದ್ದವರಿಗೆ ಅದರಿಂದ ಉಪಯೋಗ ಆಯ್ತು. ಆದರೆ ಹೃದಯದ ನಾಳದ ಕಾಯಿಲೆ ಇದ್ದೂ ಹಾರ್ಟ್ ಫೇಲ್ಯೂರ್ ಇಲ್ಲದ 19,102 ಜನರ ಮೇಲೆ ನಡೆಸಿ, 2014ರಲ್ಲಿ ಪ್ರಕಟವಾದ 'ಸಿಗ್ನಿಫೈ' ಅಧ್ಯಯನದಲ್ಲಿ ಬಡಿತ ಇಳೀತು, ಹಾರ್ಟ್ ಅಟ್ಯಾಕ್ ಇಳೀಲಿಲ್ಲ. ಎದೆನೋವಿನಿಂದ ಹೆಚ್ಚು ಬಳಲುತ್ತಿದ್ದವರಲ್ಲಿ ಅಪಾಯ ಸ್ವಲ್ಪ ಏರಿದ್ದೂ ಕಂಡಿತು. ಜೋರು ಬಡಿತ ಎಷ್ಟೋ ಸಲ ಒಳಗಿನ ತೊಂದರೆಯ ಸೈರನ್ ಇರಬಹುದು. ಸೈರನ್ ವೈರ್ ಕಿತ್ತರೆ ಬೆಂಕಿ ಆರುತ್ತಾ?

ಅಂತ ಮಾತ್ರೆ ಬಿಡೋ ಹಾಗಿಲ್ಲ. ಬೀಟಾ ಬ್ಲಾಕರ್ ಎದೆನೋವು ತಡೆಯುತ್ತೆ, ಹೃದಯದ ದುಡಿಮೆ ಇಳಿಸುತ್ತೆ. ಏಕಾಏಕಿ ನಿಲ್ಲಿಸಿದರೆ ಬಡಿತ ಪುಟಿದೆದ್ದು ಹಾರ್ಟ್ ಅಟ್ಯಾಕೇ ಆಗಬಹುದು.

ತಕ್ಷಣ ಅಪ್ಪನ ಡಾಕ್ಟರಿಗೆ ಫೋನ್ ಮಾಡಿದೆ. ತಲೆಸುತ್ತು, ಸುಸ್ತು ಇದೆಯಾ ಅಂತ ಕೇಳಿದರು, ಇರಲಿಲ್ಲ. ಬೆಳಗ್ಗೆ ಇಸಿಜಿ ತೆಗೆದರು. 54 ಇದ್ದರೆ ಇರಲಿ, ಅದೇ ಮಾತ್ರೆ, ಅದೇ ಡೋಸ್ ಅಂದರು. ಆಟೋದಲ್ಲಿ ವಾಪಸ್ ಬರುವಾಗ ಅಪ್ಪ ಕೇಳಿದ್ರು: "ಮತ್ತೆ ಈ ವಾಚು ಯಾಕೋ ಕೊಡಿಸ್ದೆ?"