ದೋಣಿಯಲ್ಲಿ ಕುಳಿತವರ ಮಾತು

ಪರೋಪಕಾರಕ್ಕೆಂದು ಹುಟ್ಟಿದ ಸಂಘಗಳಿಗೆ ಒಂದು ವಿಚಿತ್ರವಾದ ವ್ಯಾಧಿಯುಂಟು. ಅಲ್ಲಿ ಯಾರಿಗೂ ಸಂಬಳವಿಲ್ಲ. ಆದ್ದರಿಂದ ಪದ್ಧತಿಯನ್ನು ಪ್ರಶ್ನಿಸಿದರೆ ದುಡಿದ ಹಿರಿಯರನ್ನೇ ಪ್ರಶ್ನಿಸಿದಂತೆ ಎಂಬ ಭಾವನೆ ಬಹು ಬೇಗ ಬೇರೂರುತ್ತದೆ. ಈ ವ್ಯಾಧಿ ನನ್ನನ್ನೂ ಬಿಟ್ಟಿಲ್ಲ. ಕೆಲವು ವರ್ಷಗಳ ಕೆಳಗೆ ನದೀತೀರದ ಒಂದು ಜಾತ್ರೆಗೆ ನಮ್ಮ ಕಾಲೇಜಿನ ಸ್ವಯಂಸೇವಕರನ್ನು ಕರೆದೊಯ್ದಿದ್ದೆ. ಸ್ನಾನಘಟ್ಟದಲ್ಲಿ ಉದ್ದನೆಯ ಹಗ್ಗವನ್ನೂ ಗಾಳಿ ತುಂಬಿದ ಲಾರಿ ಟ್ಯೂಬುಗಳನ್ನೂ ಇರಿಸೋಣವೆಂದು ಒಬ್ಬ ವಿದ್ಯಾರ್ಥಿನಿ ಸೂಚಿಸಿದಳು. “ಇಷ್ಟು ವರ್ಷ ಇಲ್ಲದ್ದು ಈಗೇಕಮ್ಮ?” ಎಂದುಬಿಟ್ಟೆ. ಅಂದು ಅನಾಹುತವೇನೂ ನಡೆಯಲಿಲ್ಲ. ಆದರೆ ಮರುವರ್ಷದ ಸಭೆಯಲ್ಲಿ ಆಕೆ ತುಟಿ ಬಿಚ್ಚಲಿಲ್ಲ. ಅದು ಸಣ್ಣ ನಷ್ಟವಲ್ಲವೆಂದು ನನಗೆ ಅರಿವಾದದ್ದು ಬ್ರಿಟನ್ನಿನ ಕಡಲರಕ್ಷಕರ ಚರಿತ್ರೆಯನ್ನು ಓದಿದ ಮೇಲೆ.

ಒಡೆದ ಹಡಗುಗಳ ಜನರನ್ನು ಉಳಿಸಲೆಂದು ಸರ್ ವಿಲಿಯಂ ಹಿಲರಿ ಎಂಬವರ ಪ್ರಯತ್ನದಿಂದ 1824ರಲ್ಲಿ ಅಲ್ಲಿ ಒಂದು ಸಂಸ್ಥೆ ಸ್ಥಾಪಿತವಾಯಿತು. ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಎಂದು ಈಗ ಅದರ ಹೆಸರು. ನಡೆಯುವುದು ಜನರ ವಂತಿಗೆಯಿಂದ. ದೋಣಿ ಹತ್ತುವವರಲ್ಲಿ ಬಹುಪಾಲು ಸ್ವಯಂಸೇವಕರು. 1854ರಲ್ಲಿ ಅದರ ಅಧಿಕಾರಿ ಕ್ಯಾಪ್ಟನ್ ವಾರ್ಡ್ ಎಂಬಾತ ಕಿರಿದಾದ ಬೆಂಡಿನ ತುಂಡುಗಳನ್ನು ಕ್ಯಾನ್‌ವಾಸಿಗೆ ಹೊಲಿದು ಒಂದು ಕವಚವನ್ನು ಸಿದ್ಧಪಡಿಸಿದ. ಅದನ್ನು ತೊಟ್ಟವನು ನೀರಿನಲ್ಲಿ ಮುಳುಗದೆ ತೇಲುತ್ತಿದ್ದ. ಆದರೆ ಅದು ದಪ್ಪ, ಹುಟ್ಟು ಹಾಕಲು ತೊಡಕು ಎಂದು ಅನೇಕ ನಾವಿಕರು ಅದನ್ನು ಬದಿಗಿರಿಸಿದರು. ಹಿಂಜರಿದವರು ಹೇಡಿಗಳಲ್ಲ, ಸೋಮಾರಿಗಳೂ ಅಲ್ಲ. ಅಲೆಯ ಬಾಯಿಗೆ ನುಗ್ಗುವ ಧೀರರು!

1861ರ ಫೆಬ್ರವರಿ 9ರಂದು ಯಾರ್ಕ್‌ಷೈರಿನ ವಿಟ್ಬಿ ರೇವಿನಲ್ಲಿ ಭಯಂಕರ ಬಿರುಗಾಳಿ. ಒಂದರ ಹಿಂದೊಂದು ಹಡಗು ದಡಕ್ಕೆ ಬಡಿಯುತ್ತಿದ್ದವು. ರಕ್ಷಣಾ ದೋಣಿ ಐದು ಸಲ ಹೋಗಿ ಜನರನ್ನು ಕರೆತಂದಿತು. ದಣಿದ ತೋಳುಗಳು ಆರನೆಯ ಸಲವೂ ಹುಟ್ಟು ಹಿಡಿದವು. ಈ ಬಾರಿ ದೋಣಿ ಮಗುಚಿತು. ದಡದಲ್ಲಿ ನೆರೆದ ಊರವರ ಕಣ್ಣೆದುರಿನಲ್ಲೇ ಹದಿಮೂವರಲ್ಲಿ ಹನ್ನೆರಡು ಮಂದಿ ಸಮುದ್ರದ ಪಾಲಾದರು. ಉಳಿದವನೊಬ್ಬನೇ, ಹೆನ್ರಿ ಫ್ರೀಮನ್. ಹೊಸ ಬೆಂಡಿನ ಕವಚವನ್ನು ತೊಟ್ಟಿದ್ದವನೂ ಅವನೊಬ್ಬನೇ. ಹಿಂದೆ ಇಟ್ಟಿಗೆಯ ಕೆಲಸದಲ್ಲಿದ್ದ ಈ ಮೀನುಗಾರ ಮುಂದೆ ಅದೇ ರೇವಿನ ದೋಣಿಯ ನಾಯಕನಾಗಿ ಮುನ್ನೂರಕ್ಕೂ ಹೆಚ್ಚು ಜೀವಗಳ ರಕ್ಷಣೆಯಲ್ಲಿ ಪಾಲುಗೊಂಡ. ಕವಚವನ್ನು ತೊಟ್ಟ ಆತನ ಛಾಯಾಚಿತ್ರ ಇಂದಿಗೂ ಪ್ರಸಿದ್ಧ. ಹನ್ನೆರಡು ಮನೆಗಳ ದೀಪ ಆರಿದ ಮೇಲೆ ಕವಚದ ಬೆಲೆಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಎಲ್ಲ ಬದಲಾವಣೆಗೂ ಇಷ್ಟು ಘೋರವಾದ ಬೆಲೆ ತೆರಬೇಕಾಗಿಲ್ಲ. ಶತಮಾನದ ನಂತರ, ವೇಲ್ಸಿನ ಕಡಲತಡಿಯ ಅಟ್ಲಾಂಟಿಕ್ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ಕಡಲರಕ್ಷಣೆಗೆ ನಿಂತರು. ಗಾಳಿ ತುಂಬಿದ ರಬ್ಬರು ದೋಣಿಗಳ ತಳ ಅಲ್ಲಿನ ಕಲ್ಲುದಂಡೆಯ ಮೇಲೆ ಎಳೆದೆಳೆದು ಸವೆಯುತ್ತಿತ್ತು. ಎಳೆಯುತ್ತಿದ್ದವರೇ ಅದನ್ನು ಕಂಡವರು. ನಿವೃತ್ತ ನೌಕಾಧಿಕಾರಿಯಾಗಿದ್ದ ಪ್ರಿನ್ಸಿಪಾಲ್ ಡೆಸ್ಮಂಡ್ ಹೋರ್ “ನೌಕಾಪಡೆಯಲ್ಲಿ ಹೀಗಿರಲಿಲ್ಲ” ಎಂದು ಗದರಿಸಲಿಲ್ಲ. ಹುಡುಗರೊಡನೆ ತಾವೂ ಉಳಿ ಸುತ್ತಿಗೆ ಹಿಡಿದರು. ತಳಕ್ಕೆ ಪ್ಲೈವುಡ್ ಹಲಗೆ, ಬದಿಗೆ ಗಾಳಿಯ ಕೊಳವೆ: ಹೀಗೆ ಹಲವು ವರ್ಷಗಳ ಪ್ರಯೋಗಗಳಿಂದ ಗಟ್ಟಿ ತಳದ ಹೊಸ ಬಗೆಯ ದೋಣಿ ರೂಪುಗೊಂಡಿತು. ಇಂದು ಅನೇಕ ದೇಶಗಳ ಕರಾವಳಿ ಪಡೆಗಳಲ್ಲಿ ಅದರ ಸಂತತಿಯಿದೆ. 1973ರಲ್ಲಿ ಹೋರ್ ಅದರ ಪೇಟೆಂಟನ್ನು ಕಡಲರಕ್ಷಕರ ಸಂಸ್ಥೆಗೆ ಒಂದೇ ಒಂದು ಪೌಂಡಿಗೆ ಒಪ್ಪಿಸಿದರು.

ಅದೇ ಕಾಲೇಜಿನ ಎಲಿಜಬೆತ್ ಹೋಸ್ಟ್‌ವೆಟ್ ಎಂಬ ಹದಿನೆಂಟರ ಯುವತಿ 1969ರಲ್ಲಿ ಸಂಸ್ಥೆಯ ತೀರರಕ್ಷಣಾ ದೋಣಿಗೆ ಅರ್ಹತೆ ಪಡೆದ ಮೊದಲ ಮಹಿಳೆಯಾದಳು. ಅದುವರೆಗೆ ಹೆಂಗಸರು ದೋಣಿಯನ್ನು ನೀರಿಗೆ ದಬ್ಬಬಹುದಾಗಿತ್ತು, ಹಗ್ಗ ಎಳೆಯಬಹುದಾಗಿತ್ತು; ಹತ್ತುವ ಹಾಗಿರಲಿಲ್ಲ. ಸಂಸ್ಥೆ ಹುಟ್ಟಿ ಆಗಲೇ 145 ವರ್ಷಗಳಾಗಿದ್ದವು.

ಓದುಗರಲ್ಲಿ ಅನೇಕರು ಬಡಾವಣೆಯ ಸೇವಾ ಸಂಘದಲ್ಲೋ ರಕ್ತದಾನಿಗಳ ಕೂಟದಲ್ಲೋ ಇರಬಹುದು. ಹಗ್ಗ ಸವೆದದ್ದು ಮೊದಲು ಕಾಣುವುದು ಅದನ್ನು ಹಿಡಿದ ಕೈಗೆ, ಅಧ್ಯಕ್ಷರ ಕುರ್ಚಿಗಲ್ಲ. ಕಂಡದ್ದನ್ನು ಸಭೆಯಲ್ಲಿ ಎದ್ದು ನಿಂತು ಹೇಳಿ. ಒಮ್ಮೆ ತಳ್ಳಿಹಾಕಿದರೆ ಮತ್ತೊಮ್ಮೆ ಹೇಳಿ. ನನ್ನಂಥ ಮೇಷ್ಟರುಗಳಿಗೆ ಎರಡನೆಯ ಸಲ ಕಿವಿ ಕೇಳುವುದುಂಟು.

ಈ ವರ್ಷದ ಜಾತ್ರೆಗೆ ಹಗ್ಗವನ್ನೂ ನಾಲ್ಕು ಟ್ಯೂಬುಗಳನ್ನೂ ಒಯ್ಯುತ್ತಿದ್ದೇವೆ. ಘಟ್ಟದಲ್ಲಿ ಅವನ್ನು ಎಲ್ಲಿಡಬೇಕೆಂದು ಕೇಳಿ ಆ ಹಳೆಯ ವಿದ್ಯಾರ್ಥಿನಿಗೆ ಕಾಗದ ಬರೆದಿದ್ದೇನೆ.