ಚೇಸ್ ಬೇಕಿತ್ತಾ, ಸೂವೆಲ್ ಬೇಕಿತ್ತಾ?

ಅಮೆರಿಕನ್ ಫುಟ್‌ಬಾಲ್‌ನ ಡ್ರಾಫ್ಟ್ ಗೊತ್ತಲ್ವಾ? ಕಾಲೇಜು ಆಟಗಾರರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. 2021ರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್‌ಗೆ ಐದನೇ ಸರದಿ. ಅಭಿಮಾನಿಗಳಲ್ಲಿ ಎರಡು ಬಣ.

ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಜೋ ಬರೋ ಹಿಂದಿನ ನವೆಂಬರ್‌ನಲ್ಲಷ್ಟೇ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡಿದ್ದ. "ಮೊದಲು ಅವನನ್ನು ಕಾಪಾಡಿ! ನುಗ್ಗಿ ಬರುವವರನ್ನು ತಡೆಯೋಕೆ ಪೆನೇ ಸೂವೆಲ್ ಬೇಕು" ಅಂತ ಒಂದು ಬಣ. "ಇಲ್ಲ, ಓಡಿ ಚೆಂಡು ಹಿಡಿಯುವ ಜಮಾರ್ ಚೇಸ್ ಬೇಕು, ಕಾಲೇಜಿನಲ್ಲಿ ಬರೋ, ಚೇಸ್ ಇಬ್ಬರೂ ಒಟ್ಟಿಗೆ ಆಡಿ ಗೆದ್ದವರು" ಅಂತ ಇನ್ನೊಂದು.

ತಂಡ ಚೇಸ್‌ನನ್ನೇ ಆರಿಸಿತು. ಮೊದಲ ಸೀಸನ್‌ನಲ್ಲೇ 1,455 ಗಜ, 13 ಟಚ್‌ಡೌನ್! ಕ್ಯಾನ್ಸಸ್ ಸಿಟಿ ವಿರುದ್ಧದ ಪಂದ್ಯ ನೋಡಿ. ಕೊನೆಯ ನಿಮಿಷಗಳು, ಮೂರನೇ ಪ್ರಯತ್ನ, ಚೆಂಡು ತಮ್ಮ ಬಳಿಯೇ ಉಳಿಯೋಕೆ ಬೇಕಿರೋದು 27 ಗಜ. ಬರೋ ಚೆಂಡನ್ನು ಎತ್ತರಕ್ಕೆ ಎಸೆದ, ಚೇಸ್ 30 ಗಜದ ಕ್ಯಾಚ್ ಹಿಡಿದ. ಪಂದ್ಯ ಬೆಂಗಾಲ್ಸ್‌ದಾಯಿತು.

ಆದರೆ ಸೂವೆಲ್ ಬಣದ ಮಾತನ್ನೂ ತಳ್ಳಿಹಾಕೋ ಹಾಗಿಲ್ಲ. ಅದೇ ಸೀಸನ್‌ನ ಸೂಪರ್ ಬೌಲ್ ಫೈನಲ್‌ನಲ್ಲಿ ಬರೋನನ್ನು ಏಳು ಸಲ ನೆಲಕ್ಕೆ ಕೆಡವಿದರು. ಕೊನೆಯ ಪ್ರಯತ್ನದಲ್ಲಿ ಚೇಸ್ ಕಾವಲಿನವನನ್ನು ದಾಟಿ ಓಡುತ್ತಿದ್ದ. ಆದರೆ ಎದುರಾಳಿ ತಂಡದ ಆರನ್ ಡೊನಾಲ್ಡ್ ಬಂದು ಬರೋನನ್ನು ಹಿಡಿದುಬಿಟ್ಟ, ಅವನಿಗೆ ಚೇಸ್‌ನತ್ತ ನೋಡೋಕೂ ಪುರುಸೊತ್ತು ಸಿಗಲಿಲ್ಲ. ಸೋಲು, 23-20.

ನನ್ನ ವೋಟು ಈಗಲೂ ಚೇಸ್‌ಗೇ, ಅವನಿಲ್ಲದೆ ಆ ಫೈನಲ್ಲೇ ಇರುತ್ತಿರಲಿಲ್ಲ. ಏಳನೇ ಸರದಿಯಲ್ಲಿ ಡೆಟ್ರಾಯಿಟ್ ಸೇರಿದ ಸೂವೆಲ್ ಕೂಡ ಮುಂದೆ ಲೀಗಿನ ಅತ್ಯುತ್ತಮ ತಡೆಗಾರರಲ್ಲಿ ಒಬ್ಬನಾದ. ನೀವು ಯಾರ ಬಣ, ಹೇಳಿ.