ಗರಿಕೆ ಕಿತ್ತು ಹಾಸಿದ ಹಸಿರು

ಯಲಹಂಕದಿಂದ ದೊಡ್ಡಬಳ್ಳಾಪುರದ ದಾರಿ ಹಿಡಿದು, ರಾಜಾನುಕುಂಟೆ ದಾಟಿ ಒಳಕ್ಕೆ ಹೊರಳಿದರೆ ನನ್ನ ಸೋದರಮಾವನ ಊರು. ಮನೆ ಮುಂದೆ ಈಗ ಐದು ಗುಂಟೆ ಲಾನ್ ಇದೆ. ಹೋದ ವರ್ಷ ಜೂನ್‌ನಲ್ಲಿ ಒಂದು ಬೆಳಗ್ಗೆ ಅಲ್ಲಿ ಇಬ್ಬರು ಹೆಂಗಸರು ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು. ಕಿತ್ತಿದ್ದರಲ್ಲಿ ಸ್ವಲ್ಪ ಮಡಿಲಿಗೆ ಹೋಗುತ್ತಿತ್ತು, ಉಳಿದದ್ದು ಮಂಕರಿಗೆ. ಮಡಿಲಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು, ಎರಡು ಎಳೆ ಹೊನಗೊನೆ. ಸಂಜೆಗೆ ಬೆರಕೆ ಸೊಪ್ಪಿನ ಸಾರಾಯಿತು. ಮಂಕರಿ ತುಂಬ ಗರಿಕೆ.

‘ಇದನ್ನ ಬಿಸಾಕೋಕೆ ಕೈ ಬರಲ್ಲ ಕಣಣ್ಣ. ಬೆನಕನ ತಲೆಗೆ ಸಿಕ್ಸೋ ಹುಲ್ಲು’ ಅಂದರು ಅವರಲ್ಲಿ ಹಿರಿಯರು. ಅಂದು, ಇನ್ನೊಂದು ಹಿಡಿ ಕಿತ್ತು ಮಂಕರಿಗೆ ಹಾಕಿದರು. ಕೂಲಿ ಕೊಡುವುದೇ ಆ ಗರಿಕೆ ಕೀಳುವುದಕ್ಕೆ.

ಈ ಲಾನ್ ಇರುವ ಜಾಗದಲ್ಲಿ ನಾನು ಹುಡುಗನಾಗಿದ್ದಾಗ ಕಣ ಇತ್ತು. ರಾಗಿ ಕೊಯ್ಲಾಗಿ ಮೆದೆ ಒಟ್ಟಿದ ಮೇಲೆ ಮಾವ ನೆಲ ಕೆತ್ತಿ, ನೀರು ಚಿಮುಕಿಸಿ, ತುಳಿದು ಗಟ್ಟಿ ಮಾಡಿ, ಅತ್ತೆ ಸಗಣಿ ಬಗ್ಗಡ ಬಳಿದು ಒಣಗಲು ಬಿಡುತ್ತಿದ್ದರು. ಎತ್ತುಗಳು ರೋಣಗಲ್ಲು ಎಳೆದು ಸುತ್ತುತ್ತಿದ್ದವು. ತೂರಿ ರಾಶಿ ಮಾಡಿದ ಮೇಲೆ ಸಗಣಿಯಲ್ಲಿ ಬೆನಕನನ್ನು ಮಾಡಿ, ನೆತ್ತಿಗೆ ಗರಿಕೆ ಸಿಕ್ಕಿಸಿ, ರಾಶಿಪೂಜೆ. ಆ ಗರಿಕೆಯನ್ನು ನಾವು ಮಕ್ಕಳೇ ಹತ್ತು ಹೆಜ್ಜೆ ಆಚೆ ಬದುವಿನಿಂದ ಕಿತ್ತು ತರುತ್ತಿದ್ದೆವು. ಮನೆಯಂಗಳದಲ್ಲಿ ಮಾತ್ರ ಒಂದು ಎಸಳು ಹುಲ್ಲು ಇರುತ್ತಿರಲಿಲ್ಲ. ದಿನಾ ಗುಡಿಸಿ ಸಾರಿಸುವ ಅಂಗಳದಲ್ಲಿ ಹುಲ್ಲು ಎದ್ದರೆ ಆ ಮನೆಯಲ್ಲಿ ಜನ ಇಲ್ಲವೆಂದೇ ಲೆಕ್ಕ. ಬರಿನೆಲದ ಮೇಲೆ ಹಾವು ಚೇಳು ಸರಿದರೆ ಬುಡ್ಡಿ ಬೆಳಕಿನಲ್ಲೂ ಕಾಣುತ್ತಿತ್ತು. ಹುಲ್ಲಿನ ಜಾಗ ಬೇರೆ: ಬದು, ಕೆರೆಯಂಗಳ, ಗುಂಡುತೋಪು, ಗೋಮಾಳ. ಹುಲ್ಲು ಅಂದರೆ ಮೇವು. ಕೊಯ್ದರೆ ಅದು ದನದ ಬಾಯಿಗೆ ಹೋಗಬೇಕು.

ಮಾವನ ಮಗ ಆರು ವರ್ಷದ ಹಿಂದೆ ಹೊಸ ಮನೆ ಕಟ್ಟಿದಾಗ ಕಣದ ಮೇಲೆ ಕೆಮ್ಮಣ್ಣು ಹಾಕಿಸಿ ಲಾನ್ ಹಾಸಿದ. ಹೋದ ವರ್ಷ ಅವನೇ ಕೇಳಿದ, ಇದನ್ನು ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಎಂದು. ಉತ್ತರ ಕೊಡುವ ಮೊದಲು ಈ ಹಸಿರು ನಮ್ಮ ಅಂಗಳದ ತನಕ ಯಾವ ದಾರಿಯಲ್ಲಿ ಬಂತು ಎಂದು ನೋಡಬೇಕೆನಿಸಿತು.

ಅದಕ್ಕೆ ಆಡುಮಾತಿನಲ್ಲಿ ಕನ್ನಡದ ಹೆಸರೇ ಇಲ್ಲ. ‘ಹುಲ್ಲುಹಾಸು’ ಪುಸ್ತಕದ ಮಾತು. ಹೊರಗಿನಿಂದ ಬಂದದ್ದಕ್ಕೆಲ್ಲ ನಮ್ಮ ಜನ ಸೀಮೆ ಸೇರಿಸಿ ಒಳಗೆ ಕರೆದುಕೊಂಡರು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಹಸುವಿಗೆ ಬೆಳೆಸುವ ನೇಪಿಯರ್ ಕೂಡ ಸೀಮೆಹುಲ್ಲಾಯಿತು. ಲಾನ್ ಮಾತ್ರ ಲಾನ್ ಆಗಿಯೇ ಉಳಿಯಿತು. ಬಳ್ಳಾರಿ ರಸ್ತೆಯ ಉದ್ದಕ್ಕೂ ಆ ಮಾತಿಗೆ ಈಗ ಮದುವೆ ರಿಸೆಪ್ಷನ್ ನಡೆಯುವ ಜಾಗ ಎಂಬ ಅರ್ಥವೂ ಬಂದಿದೆ.

ಅದರ ಹುಟ್ಟೂರು ಇಂಗ್ಲೆಂಡಿನಂಥ ಚಳಿನಾಡು. ವರ್ಷವಿಡೀ ತುಂತುರು ಬೀಳುವ, ಬಿಸಿಲು ಸುಡದ ನೆಲದಲ್ಲಿ ಹುಲ್ಲು ತಾನಾಗಿಯೇ ಹಸಿರಾಗಿರುತ್ತದೆ. ಜಮೀನ್ದಾರರ ಬಂಗಲೆಗಳ ಮುಂದೆ ಕುರಿ ಮೇಯುತ್ತಿದ್ದವು, ಉಳಿದದ್ದನ್ನು ಆಳುಗಳು ಉದ್ದ ಕುಡುಗೋಲಿನಲ್ಲಿ ಸವರುತ್ತಿದ್ದರು. ಬೆಳೆ ತೆಗೆಯದೆ ಇಷ್ಟು ನೆಲ ಸುಮ್ಮನೆ ಬಿಡಬಲ್ಲೆ ಎನ್ನುವುದೇ ಅಲ್ಲಿ ದೊಡ್ಡಸ್ತಿಕೆ. 1830ರಲ್ಲಿ ಗ್ಲೌಸ್ಟರ್‌ಷೈರ್‌ನ ಎಡ್ವಿನ್ ಬಡ್ಡಿಂಗ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಬಟ್ಟೆ ಗಿರಣಿಯಲ್ಲಿ ಉಣ್ಣೆಯ ಜುಂಗು ಸವರುವ ಉರುಳೆಯನ್ನು ನೋಡಿ ಅವನಿಗೆ ಅದು ಹೊಳೆದದ್ದು. ನೆಲವನ್ನೂ ಬಟ್ಟೆಯಂತೆ ನುಣ್ಣಗೆ ಮಾಡಬಹುದೆಂಬ ಆಸೆ ಮಧ್ಯಮವರ್ಗದ ಮನೆಗಳಿಗೆ ಇಳಿದದ್ದು ಅಲ್ಲಿಂದ.

ಬೆಂಗಳೂರಿಗೆ ಬ್ರಿಟಿಷರ ದಂಡು ಬಂದದ್ದು 1809ರಲ್ಲಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ತಂಪಿನಲ್ಲಿ ಅವರಿಗೆ ತಮ್ಮ ಊರು ಕಂಡಿತು. ಬಂಗಲೆ, ಕಾಂಪೌಂಡು, ಗುಲಾಬಿ, ಹುಲ್ಲು. 1870ರ ಹೊತ್ತಿಗೆ ಕಬ್ಬನ್ ಪಾರ್ಕು, 1876ಕ್ಕೆ ಗಾಲ್ಫ್ ಕ್ಲಬ್ಬು. ಆದರೆ ತಂಪಿದ್ದ ಮಾತ್ರಕ್ಕೆ ನೀರು ಇದ್ದಂತಾಗುವುದಿಲ್ಲ. ಇಲ್ಲಿ ವರ್ಷದಲ್ಲಿ ನಾಲ್ಕೈದು ತಿಂಗಳು ಹೇಳಿಕೊಳ್ಳುವಂಥ ಮಳೆಯೇ ಇಲ್ಲ, ಹತ್ತಿರದಲ್ಲಿ ತುಂಬಿ ಹರಿಯುವ ಹೊಳೆ ಇಲ್ಲ. ಕೊನೆಗೆ ನೀರು ಕೊಟ್ಟದ್ದು ನಮ್ಮ ಉತ್ತರದ ಕಡೆಯೇ. ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಹೆಸರಘಟ್ಟ ಕೆರೆ 1894ರದ್ದು, ದಿವಾನ್ ಶೇಷಾದ್ರಿ ಅಯ್ಯರ್ ಕಾಲ. ಅಲ್ಲಿಂದ ಸೋಲದೇವನಹಳ್ಳಿಗೆ ಹರಿದು, ಪಂಪಾಗಿ, ನಗರದ ಕೊಳಾಯಿಗಳಿಗೆ ನೀರು ಬಂತು. ಯಲಹಂಕ ಸೀಮೆಯ ಮಳೆ ದಂಡಿನ ಕಡೆಗೆ ನಡೆದದ್ದು ಹೀಗೆ. ಹೆಸರಘಟ್ಟದ ದಂಡೆಯ ಮೇಲೆ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಆಮೇಲಿನ ಕತೆಯನ್ನು ನಾನು ಪ್ರೀತಿಯಿಂದಲೇ ಹೇಳುತ್ತೇನೆ. ಡ್ರೆಸ್ಡೆನ್ ಕಡೆಯ ಜರ್ಮನ್, ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದ ಗುಸ್ತಾವ್ ಕ್ರುಂಬಿಗಲ್ 1908ರಲ್ಲಿ ಬರೋಡಾ ಬಿಟ್ಟು ಮೈಸೂರು ಸಂಸ್ಥಾನಕ್ಕೆ ಬಂದರು. 1956ರಲ್ಲಿ ಇಲ್ಲಿಯೇ ಮಣ್ಣಾದರು. ಒಂದು ಮರ ಹೂ ಉದುರಿಸುವಾಗ ಇನ್ನೊಂದು ಅರಳಬೇಕೆಂದು ಬೀದಿ ಬೀದಿಗೆ ಮರ ಆರಿಸಿದ ಮನುಷ್ಯ ಅವರು. ಅವರ ಕಾಲದಲ್ಲಿ ಲಾಲ್‌ಬಾಗಿನ ಹುಲ್ಲು ಎಲ್ಲರದೂ ಆಗಿತ್ತು. ಬುತ್ತಿ ಕಟ್ಟಿಕೊಂಡು ಬಂದ ಹಳ್ಳಿಯವರೂ ಅದರ ಮೇಲೆ ಕೂತರು. ನೂರಾರು ಮಂದಿಗೆ ಒಂದು ಹುಲ್ಲುಹಾಸು, ಅದಕ್ಕೊಂದಿಷ್ಟು ನೀರು: ಈ ಲೆಕ್ಕ ನನಗೆ ಒಪ್ಪಿಗೆ. ಸ್ವಾತಂತ್ರ್ಯದ ನಂತರ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಬಿಇಎಲ್ ಬಂದಾಗ ಕಾರ್ಖಾನೆಯ ಗೇಟಿನೊಳಗೆ ಹುಲ್ಲು ಬಂತು. ಹೆಬ್ಬಾಳದ ಕೃಷಿ ಕ್ಯಾಂಪಸ್ಸಿನಲ್ಲೂ ಬಂತು. ಅಲ್ಲಿ ಕೆಲಸಕ್ಕೆ ಹೋದ ಸುತ್ತಲ ಹಳ್ಳಿಯ ಹುಡುಗರು ಶಿಸ್ತಿನ, ಸಂಬಳದ, ಚೊಕ್ಕ ಬದುಕಿನ ಗುರುತಾಗಿ ಅದನ್ನು ಕಣ್ಣಲ್ಲಿ ತುಂಬಿಕೊಂಡು ಮನೆಗೆ ಬಂದರು.

ಹಳ್ಳಿಯ ಅಂಗಳಕ್ಕೆ ಅದು ಇಳಿದದ್ದು ಮಾತ್ರ ತೀರ ಈಚೆಗೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಚಕೋತ, ನೀಲಿ ದ್ರಾಕ್ಷಿ, ರಾಗಿ ಬೆಳೆಯುತ್ತಿದ್ದ ನೆಲಕ್ಕೆ ಚದರಡಿಯ ಬೆಲೆ ಬಂತು. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಂಗಳು ಹೋದವು. ರೈತರಲ್ಲದವರೂ ಹೊಲ ಕೊಳ್ಳುವಂತಾಯಿತು. ತಂತಿಬೇಲಿ, ಗೇಟು, ನಡುವೆ ಫಾರ್ಮ್‌ಹೌಸು, ಸುತ್ತ ಲಾನ್. ಅದನ್ನು ನೋಡಿ ಊರಿನವರೂ ಹಾಕಿಸಿಕೊಂಡರು. ನರ್ಸರಿಯಿಂದ ಚದರಡಿ ಲೆಕ್ಕದಲ್ಲಿ ಹಲಗೆ ಹಲಗೆಯಾಗಿ ಬರುವ ‘ಕೊರಿಯನ್’, ‘ಮೆಕ್ಸಿಕನ್’ ಹುಲ್ಲನ್ನು ಟೆಂಪೋದಿಂದ ಇಳಿಸಿ ಚಾಪೆಯಂತೆ ಜೋಡಿಸಿದರೆ ಬೆಳಗಾಗುವುದರೊಳಗೆ ಹಸಿರು. ಮಾವನ ಮನೆಯಲ್ಲೂ ಹಾಗೇ ಆಯಿತು.

ಆಮೇಲೆ ನೀರು. ಐದು ಗುಂಟೆ ಅಂದರೆ ಸುಮಾರು 500 ಚದರ ಮೀಟರ್. ಮಾರ್ಚ್ ಬಿಸಿಲಿಗೆ ದಿನಕ್ಕೆ ಐದು ಮಿಲಿಮೀಟರ್ ನೀರು ಉಣಿಸಿದರೂ 2,500 ಲೀಟರ್ ಆಯಿತು. ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಾಕುತ್ತದೆ. ಹಾಗಾದರೆ ಈ ಐದು ಗುಂಟೆ 45 ಜನರ ನೀರು ಕುಡಿಯುತ್ತದೆ. ನಾವು ಸೇದುತ್ತಿದ್ದ ಬಾವಿ ಬತ್ತಿ ವರ್ಷಗಳಾದವು, ಈಗಿನ ಬೋರು ಸಾವಿರ ಅಡಿ ದಾಟಿದೆ. 2024ರ ಮಾರ್ಚಿನಲ್ಲಿ ಜಲಮಂಡಳಿ ನಗರದಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದಿತು. ಆ ವಾರ ಇಲ್ಲಿ, ನಗರದ ಗಡಿಯಾಚೆ, ಸ್ಪ್ರಿಂಕ್ಲರ್ ತಿರುಗುತ್ತಲೇ ಇತ್ತು. ಅದನ್ನು ನೋಡುತ್ತ ಜಗುಲಿಯಲ್ಲಿ ಕೂತಿದ್ದ ಮಾವ ಎದ್ದು ಒಳಗೆ ಹೋದರು. ಏನೂ ಅನ್ನಲಿಲ್ಲ.

ನನಗೆ ಬಹಳ ನೋವಾದ ಸಂಗತಿ ಗರಿಕೆಯದು. ಲೋಕದಲ್ಲೆಲ್ಲ ಬರ್ಮುಡಾ ಗ್ರಾಸ್ ಎಂದು ದುಡ್ಡು ಕೊಟ್ಟು ತಂದು ಆಟದ ಮೈದಾನಕ್ಕೂ ಗಾಲ್ಫಿಗೂ ಹಾಕುವ ಹುಲ್ಲು ನಮ್ಮ ಗರಿಕೆಯೇ. ತುಳಿದರೂ ಸಾಯದು, ಮೇಯ್ದರೂ ಸಾಯದು. ಬೇಸಿಗೆಯಲ್ಲಿ ಮೇಲೆ ಒಣಗಿ ನೆಲದೊಳಗೆ ಗಿಣ್ಣು ಉಳಿಸಿಕೊಂಡು ಕಾಯುತ್ತದೆ. ಮೊದಲ ಮಳೆ ಬಿದ್ದ ವಾರದೊಳಗೆ ಚಿಗುರುತ್ತದೆ. ನಾವು ಅದನ್ನು ಕಿತ್ತು ಮಂಕರಿಗೆ ಹಾಕುತ್ತಿದ್ದೇವೆ, ಟೆಂಪೋದಲ್ಲಿ ಬಂದ ಹುಲ್ಲು ನೆಮ್ಮದಿಯಾಗಿರಲಿ ಎಂದು.

ಈ ಸೀಮೆಯ ಹುಲ್ಲಿನ ನಿಜವಾದ ಬಣ್ಣ ನೋಡಬೇಕಾದರೆ ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗಬೇಕು. ಆಗಸ್ಟಿನಲ್ಲಿ ಮೊಣಕಾಲುದ್ದ ಹಸಿರು. ಡಿಸೆಂಬರಿಗೆ ಹೊಂಬಣ್ಣ. ಮಾರ್ಚಿಗೆ ಬೂದಿ ಮಿಶ್ರಿತ ಕಂದು. ಆ ಒಣಹುಲ್ಲಿನ ಮೇಲೆಯೇ ಮಧ್ಯ ಏಷ್ಯಾದ ಕಡೆಯಿಂದ ಬಂದ ಸೆಳೆವ (ಹ್ಯಾರಿಯರ್) ಹಕ್ಕಿಗಳು ಚಳಿಗಾಲದಲ್ಲಿ ತಗ್ಗಿ ತಗ್ಗಿ ಹಾರುತ್ತವೆ. ಬರಡು ಜಾಗವೆಂದು ಚಿತ್ರನಗರಿಗೂ ಮತ್ತೊಂದಕ್ಕೂ ಗುರುತು ಮಾಡಿದ್ದ ಆ ನೆಲಕ್ಕಾಗಿ ಪಕ್ಷಿಪ್ರಿಯರು ವರ್ಷಗಟ್ಟಲೆ ಹೋರಾಡಿದರು. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ 5,000 ಎಕರೆಗೂ ಹೆಚ್ಚಿನ ಪ್ರದೇಶವನ್ನು ಸಂರಕ್ಷಿತ ಮೀಸಲು ಮಾಡಲು ಒಪ್ಪಿತು. ಒಣಗಿದ ಹುಲ್ಲು ಸತ್ತ ಹುಲ್ಲಲ್ಲ ಎಂಬುದನ್ನು ಅಲ್ಲಿ ಅರ್ಧ ದಿನ ನಡೆದರೆ ಸಾಕು, ಯಾರೂ ಹೇಳಿಕೊಡಬೇಕಾಗಿಲ್ಲ.

ಮಾವನ ಮಗನಿಗೆ ನಾನು ಅಂದದ್ದು ಇಷ್ಟು: ಕಿತ್ತುಹಾಕಬೇಡ, ನೀರು ನಿಲ್ಲಿಸು. ಕಳೆ ಕೀಳುವ ಕೂಲಿ ನಿಲ್ಲಿಸು. ಮಕ್ಕಳು ಆಡಲು, ಅತ್ತೆ ಸಂಜೆ ಕೂರಲು ಮನೆಗೆ ಹತ್ತಿದ ಒಂದು ಗುಂಟೆಯನ್ನು ಮಳೆಗಾಲದಲ್ಲಿ ಸಣ್ಣಗೆ ಕತ್ತರಿಸಿಕೋ. ಉಳಿದದ್ದರಲ್ಲಿ ಗರಿಕೆ ಹಬ್ಬಲಿ. ಬಚ್ಚಲ ನೀರು ಹೋಗುವ ಕಡೆ ಬಾಳೆ, ನುಗ್ಗೆ, ಕರಿಬೇವು ಇಡು. ಬಾಗಿಲೆದುರು ನಾಲ್ಕು ಮಾರು ನೆಲ ಬರಿದಾಗಿಯೇ ಇರಲಿ, ರಂಗೋಲಿಗೆ.

ಮೊದಲ ಬೇಸಿಗೆ ಅವನಿಗೆ ಕಷ್ಟವಾಯಿತು. ಗೇಟಿನಾಚೆ ನಿಂತವರು ‘ಯಾಕೆ, ಬೋರ್ ಹೋಯ್ತಾ?’ ಎಂದು ಕೇಳುತ್ತಿದ್ದರು. ಕೊರಿಯನ್ ಹುಲ್ಲು ಅಲ್ಲಲ್ಲಿ ತೇಪೆ ತೇಪೆಯಾಗಿ ಸತ್ತಿತು. ಈ ವರ್ಷ ಮೇ ಮಳೆಯ ನಂತರ ಹೋದಾಗ ಆ ತೇಪೆಗಳಲ್ಲೆಲ್ಲ ಗರಿಕೆ ಕಾಲು ಚಾಚಿತ್ತು. ಪಕ್ಕದ ಮನೆಯಾಕೆ ಎರಡು ಸೀಮೆಹಸು ಸಾಕಿ ಡೈರಿಗೆ ಹಾಲು ಹಾಕುತ್ತಾರೆ. ವಾರಕ್ಕೊಮ್ಮೆ ಕುಡುಗೋಲು ಹಿಡಿದು ಬಂದು, ಬೇಕಾದಷ್ಟು ಕೊಯ್ದು, ಹೊರೆ ಕಟ್ಟಿ ತಲೆಯ ಮೇಲಿಟ್ಟುಕೊಂಡು ಹೋಗುತ್ತಾರೆ. ಅವತ್ತೂ ಬಂದಿದ್ದರು. ಮಾವ ಜಗುಲಿಯಿಂದಲೇ ಕೂಗಿ, ಬುಡದವರೆಗೂ ಕೊಯ್ಯಬೇಡಮ್ಮ, ಗೌರಿ ಹಬ್ಬಕ್ಕೆ ಗರಿಕೆ ಬೇಕು ಅಂದರು.